ಜೀಪು ಗುಡ್ಡದ ಬುಡದಲ್ಲೇ ನಿಲ್ಲಲಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರ.

ಇದು ನಿಮಗೆ ನನ್ನ ನಾಲ್ಕನೇ ಪತ್ರ. ಮೊದಲ ಮೂರನ್ನು ಕೈಯಾರೆ ಕೊಟ್ಟು, ಪ್ರತಿಗೆ ಸೀಲ್ ಹಾಕಿಸಿಕೊಂಡು ಬಂದಿದ್ದೆ. ಸೀಲು ಮೂರರಲ್ಲೂ ಚೆನ್ನಾಗಿ ಮೂಡಿದೆ. ಉತ್ತರ ಮಾತ್ರ ಬಂದಿಲ್ಲ. ಅದಕ್ಕೇ ಈ ಸಲ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ತಪ್ಪು ತಿಳಿಯಬೇಡಿ. ತಿಳಿದರೂ ಪರವಾಗಿಲ್ಲ.

ಕೇಳುವುದು ಒಂದೇ. ನಮ್ಮೂರ ಹುಲ್ಲುಗುಡ್ಡದ ಮೇಲೆ ಜೀಪು ಹತ್ತುವುದು ನಿಲ್ಲಬೇಕು. ಬರುವವರು ಬರಲಿ. ಬುಡದಲ್ಲಿ ಇಳಿದು, ನಡೆದು ಹತ್ತಲಿ.

ಊರಿನ ಹೆಸರು ಬರೆಯುತ್ತಿಲ್ಲ. ಬರೆದರೆ ಬರುವ ಶನಿವಾರ ಇನ್ನೂ ಹತ್ತು ಗಾಡಿ ಜಾಸ್ತಿ ಬರುತ್ತವೆ. ನಿಮಗೆ ಯಾವ ಊರು ಅಂತ ಗೊತ್ತೇ ಇದೆ. ಎಲೆಕ್ಷನ್ ಹೊತ್ತಲ್ಲಿ ನಮ್ಮ ಜಗುಲಿಯಲ್ಲಿ ಕೂತು ಒಂದು ಚೊಂಬು ನೀರು ಕುಡಿದು, ‘ಎಂಥ ನೀರು ಮಾರಾಯ್ರೆ, ಬೆಂಗಳೂರಲ್ಲಿ ದುಡ್ಡು ಕೊಟ್ಟರೂ ಸಿಗಲ್ಲ’ ಅಂದಿದ್ದಿರಿ. ಆ ನೀರಿನ ವಿಷಯವೇ ಈ ಪತ್ರ.

ನಮಗೆ ಬೋರ್‌ವೆಲ್ ಇಲ್ಲ, ಪಂಚಾಯಿತಿ ನಲ್ಲಿ ಇಲ್ಲ. ಗುಡ್ಡದ ಮಡಿಕೆಯಲ್ಲಿ ಒಂದು ಕಾನು, ಅಂದರೆ ದಟ್ಟ ಕಾಡಿನ ತುಂಡು ಇದೆ. ಅದನ್ನೇ ಪುಸ್ತಕದಲ್ಲಿ ಶೋಲಾ ಅನ್ನುತ್ತಾರೆ. ಅದರೊಳಗಿಂದ ಸಣ್ಣ ಹಳ್ಳ ಬರುತ್ತದೆ. ಅಲ್ಲಿ ಒಂದು ಗುಂಡಿ ಮಾಡಿ, ಕಪ್ಪು ಪೈಪಿನ ಬಾಯಿಗೆ ಜಾಲರಿ ಕಟ್ಟಿ, ಕೆಳಗೆ ಎಳೆದಿದ್ದೇವೆ. ಮೋಟರ್ ಬೇಡ, ಕರೆಂಟ್ ಬೇಡ. ಇಳಿಜಾರಿಗೆ ನೀರು ತಾನೇ ಬಂದು ಒಂಬತ್ತು ಮನೆಯ ತೊಟ್ಟಿ ತುಂಬುತ್ತದೆ. ನನಗೀಗ 58. ಸಣ್ಣವನಿದ್ದಾಗ ಪೈಪಿನ ಬದಲು ಅಡಿಕೆ ದಬ್ಬೆ ಇತ್ತು, ಅಷ್ಟೇ ವ್ಯತ್ಯಾಸ.

ಹೋದ ವರ್ಷ ಅಕ್ಟೋಬರಿನ ಒಂದು ಸೋಮವಾರ ನೀರು ನಿಂತಿತು. ಮಳೆ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ, ನೀರು ನಿಲ್ಲುವ ಕಾಲವೇ ಅಲ್ಲ ಅದು. ದರಗು, ಅಂದರೆ ಒಣ ಎಲೆ ಸಿಕ್ಕಿಕೊಂಡಿರಬೇಕು ಅಂದುಕೊಂಡೆ. ಕತ್ತಿ, ಹಾರೆ ಹಿಡಿದು ಹೊರಟೆ. ಕಾಲಿಗೆ ಸುಣ್ಣ, ಹೊಗೆಸೊಪ್ಪು ಹಚ್ಚಿಕೊಂಡಿದ್ದರೂ ಇಂಬಳ (ಜಿಗಣೆ) ಬಿಡಲಿಲ್ಲ. ಗುಂಡಿ ತಲುಪಿ ನೋಡಿದರೆ ನೀರು ಚಹಾದ ಬಣ್ಣ. ತಳದಲ್ಲಿ ಮೊಣಕೈ ಮುಳುಗುವಷ್ಟು ಕೆಂಪು ಹೂಳು. ಕೈ ಹಾಕಿ ಜಾಲರಿ ಹುಡುಕಿದೆ. ಮೆತ್ತಗೆ ಏನೋ ಸಿಕ್ಕಿತು. ನೀರು ಕುಡಿದು ಉಬ್ಬಿ ಸಣ್ಣ ದಿಂಬಿನ ಹಾಗಾಗಿತ್ತು. ಯಾವುದೋ ಸತ್ತ ಪ್ರಾಣಿ ಅಂದುಕೊಂಡು ಎಳೆದೆ. ಮಗುವಿನ ಡೈಪರ್ ಸ್ವಾಮಿ. ಬಳಸಿದ್ದು. ಅಂಟು ಪಟ್ಟಿಯ ಮೇಲೆ ನಗುವ ಕರಡಿ ಮರಿಯ ಚಿತ್ರ ಬೇರೆ.

ಅದು ಎಷ್ಟು ದಿನದಿಂದ ಅಲ್ಲಿತ್ತೋ ಗೊತ್ತಿಲ್ಲ. ಹಿಂದಿನ ದಿನ ಭಾನುವಾರ, ಆದ್ದರಿಂದ ಒಂದೇ ದಿನ ಇರಬಹುದು ಅಂತ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಮನೆಯಲ್ಲಿ 84 ವರ್ಷದ ಅಮ್ಮ ಇದ್ದಾರೆ. ಅವರಿಗೆ ಇವತ್ತಿನವರೆಗೂ ಹೇಳಿಲ್ಲ. ಈ ಪತ್ರವನ್ನು ಯಾರೂ ಅವರಿಗೆ ಓದಿ ಹೇಳಬೇಡಿ.

ಇದಕ್ಕಿಂತ ಚೆಂದದ್ದು ಮುಂದಿದೆ. ಹೂಳು ತೆಗೆಯಲು ಮರುದಿನ ಮತ್ತೆ ಹೊರಟಾಗ ಅರಣ್ಯ ಇಲಾಖೆಯ ಗೇಟಿನಲ್ಲಿ ಹೊಸ ಗಾರ್ಡ್ ಹುಡುಗ ತಡೆದ. ಬಯಲುಸೀಮೆಯ ಕಡೆಯವನು, ಪಾಪದವನು. ‘ಯಜಮಾನ್ರ, ಆನ್‌ಲೈನ್ ಬುಕಿಂಗ್ ಮಾಡೀರೇನು?’ ಅಂದ. ನಾನು ಚಾರಣಕ್ಕೆ ಬಂದವನಲ್ಲಪ್ಪ, ನಮ್ಮನೆ ನೀರಿನ ಪೈಪ್ ನೋಡಕ್ಕೆ ಹೋಗ್ತಿದೀನಿ ಅಂದೆ. ‘ಮ್ಯಾಗಿಂದ ಆರ್ಡರ್ ಐತ್ರಿ. ಹಾರೆ ತಗೊಂಡ್ ಒಳಗ ಬಿಡಂಗಿಲ್ಲ’ ಅಂದ. ನಮ್ಮೂರಲ್ಲಿ ಮೊಬೈಲ್ ಸಿಗ್ನಲ್ ಸಿಗುವುದು ಒಂದೇ ಕಡೆ, ಆ ಗುಡ್ಡದ ತಲೆಯ ಮೇಲೆ. ಅಂದರೆ ಗುಡ್ಡ ಹತ್ತಲು ಬುಕಿಂಗ್ ಮಾಡಬೇಕಾದರೆ ಮೊದಲು ಗುಡ್ಡ ಹತ್ತಬೇಕು. ನಾವಿಬ್ಬರೂ ಹೀಗೆ ಮಾತಾಡುತ್ತಾ ನಿಂತಿರುವಾಗಲೇ ಪಕ್ಕದ ಮಣ್ಣು ರಸ್ತೆಯಲ್ಲಿ ಮೂರು ಜೀಪು ಹಾಡು ಹಾಕಿಕೊಂಡು ಮೇಲೆ ಹೋದವು. ಹುಡುಗ ಅತ್ತ ನೋಡಿದ, ಇತ್ತ ನೋಡಿದ. ಆಮೇಲೆ ನನ್ನ ಹಾರೆ ನೋಡಿದ.

ನಿಯಮ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. 2024ರ ಜನವರಿಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಜಾತ್ರೆಯ ಹಾಗೆ ಜನ ಸೇರಿದ ವಿಡಿಯೊ ಇಡೀ ರಾಜ್ಯ ನೋಡಿತು. ಆಮೇಲೆ ಸರ್ಕಾರ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ತಂದಿತು. ಒಂದು ದಾರಿಗೆ ದಿನಕ್ಕೆ 300 ಜನ ಅಂತ ಮಿತಿಯನ್ನೂ ಹಾಕಿತು. ಒಳ್ಳೆಯದೇ ಆಯಿತು. ಆದರೆ ನಮ್ಮಲ್ಲಿ ಎಣಿಸುವುದು ನಡೆಯುವವರನ್ನು ಮಾತ್ರ. ಒಂದು ಭಾನುವಾರ ನಾನೇ ಬೇಲಿಯ ಹತ್ತಿರ ಕೂತು ಎಣಿಸಿದೆ. ಮಧ್ಯಾಹ್ನದೊಳಗೆ 46 ಜೀಪು. ಒಂದಕ್ಕೆ ಎಂಟು ಜನ ಅಂದರೂ ಎಷ್ಟಾಯಿತು, ನೀವೇ ಲೆಕ್ಕ ಹಾಕಿ. ಅವರು ನಡೆಯಲಿಲ್ಲ, ಹಾಗಾಗಿ ಅವರು ಚಾರಣಿಗರಲ್ಲ, ಹಾಗಾಗಿ ಅವರು ಬಂದೇ ಇಲ್ಲ! ಅರ್ಧಕ್ಕರ್ಧ ಬಿಳಿ ಬೋರ್ಡಿನ ಗಾಡಿಗಳು. ಬಿಳಿ ಬೋರ್ಡಿನಲ್ಲಿ ಬಾಡಿಗೆ ಹೊಡೆಯಬಹುದಾ ಇಲ್ಲವಾ ಅನ್ನುವುದೂ ನಿಮಗೆ ಗೊತ್ತಿರುತ್ತದೆ.

ಜೀಪಿನಿಂದ ಹುಲ್ಲಿಗೇನು ನಷ್ಟ, ಮತ್ತೆ ಚಿಗುರುತ್ತದಲ್ಲ ಅಂತ ನಿಮ್ಮ ಕಡೆಯವರೊಬ್ಬರು ಕೇಳಿದರು. ಅವರಿಗೆ ಸ್ವಲ್ಪ ಹೇಳಬೇಕು. ಗುಡ್ಡದ ಮೇಲೆ ಮಣ್ಣು ಇರುವುದೇ ತೆಳ್ಳಗೆ. ಎಷ್ಟೋ ಕಡೆ ಒಂದು ಗೇಣು ಅಗೆದರೆ ಕಲ್ಲು ಸಿಗುತ್ತದೆ. ಆ ಗೇಣು ಮಣ್ಣನ್ನು ಹಿಡಿದುಕೊಂಡಿರುವುದು ಹುಲ್ಲಿನ ಬೇರು. ನಾಲ್ಕು ತಿಂಗಳು ಸುರಿದ ಮಳೆಯನ್ನು ಆ ಹುಲ್ಲು, ಮಡಿಕೆಯಲ್ಲಿರುವ ಕಾನು ಸೇರಿ ಕುಡಿದು ಇಟ್ಟುಕೊಳ್ಳುತ್ತವೆ. ಆಮೇಲೆ ಬೇಸಿಗೆಯುದ್ದಕ್ಕೂ ಸ್ವಲ್ಪ ಸ್ವಲ್ಪ ಬಿಡುತ್ತವೆ. ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವುದೂ ಇಂಥದ್ದೇ ಗುಡ್ಡದಲ್ಲಿ. ಹಿಂದೆ ಇದನ್ನೆಲ್ಲ ಬಂಜರು ಅಂತ ಬರೆದು ಎಷ್ಟೋ ಕಡೆ ಅಕೇಶಿಯಾ ನೆಟ್ಟರು. ಮರ ಇಲ್ಲದಿದ್ದರೆ ಕಾಡಲ್ಲ ಅನ್ನುವ ಬುದ್ಧಿ. ಅದು ಬೇರೆ ಕಥೆ, ಈಗ ಬೇಡ.

ಮಳೆಯಲ್ಲಿ ಜೀಪು ಹತ್ತುವುದನ್ನು ನೋಡಿದ್ದೀರಾ? ಚಕ್ರ ನಿಂತಲ್ಲೇ ತಿರುಗಿ ಹುಲ್ಲನ್ನು ಬೇರು ಸಮೇತ ಕಿತ್ತು ಹಿಂದಕ್ಕೆ ಎಸೆಯುತ್ತದೆ. ಒಂದು ಜಾಡು ಕೆಸರಾಯಿತು ಅಂದರೆ ಡ್ರೈವರ್ ಪಕ್ಕದಲ್ಲಿ ಇನ್ನೊಂದು ಮಾಡಿಕೊಳ್ಳುತ್ತಾನೆ. ಈಗ ಗುಡ್ಡದ ಹೆಗಲ ಮೇಲೆ ಏಳು ಜಾಡು ಇವೆ. ಮೊದಲನೆಯದು ನನ್ನ ಸೊಂಟದಷ್ಟು ಆಳದ ಕೊರಕಲಾಗಿದೆ. ಅಲ್ಲಿದ್ದ ಮಣ್ಣೇ ನಮ್ಮ ಗುಂಡಿಯಲ್ಲಿ ಹೂಳಾಗಿ ಕೂತಿರುವುದು.

ಕುದುರೆಮುಖದಲ್ಲಿ ಅದಿರು ತೆಗೆದು ಭದ್ರೆಗೆ ಹೂಳು ಇಳಿಯುತ್ತಿದೆ ಅಂತ ಜನ ವರ್ಷಗಟ್ಟಲೆ ಹೋರಾಡಿದರು. ಸುಪ್ರೀಂ ಕೋರ್ಟ್ ಹೇಳಿದ ಮೇಲೆ 2005ರ ಕೊನೆಗೆ ಗಣಿ ನಿಂತಿತು. ಅಲ್ಲಿ ಸಗಟಾಗಿ ನಡೆದಿದ್ದು ಇಲ್ಲಿ ಚಿಲ್ಲರೆಯಾಗಿ ನಡೆಯುತ್ತಿದೆ. ಚಿಲ್ಲರೆ ವ್ಯಾಪಾರಕ್ಕೆ ಕೋರ್ಟಿನವರೆಗೆ ಹೋಗಬೇಕಾ ಸ್ವಾಮಿ? ನೀವು ಒಂದು ಫೋನ್ ಮಾಡಿದರೆ ಸಾಕಲ್ವಾ?

ಏಳು ಜಾಡಿನ ಕೆಳಗೆ ನಮ್ಮ ಹಳೇ ಕಾಲುದಾರಿ ಹೂತುಹೋಗಿದೆ. ಅದು ಹೊಟ್ಟೆ ಉರಿಸುವ ಮಾತು. ನನ್ನ ಅಜ್ಜ ಆ ದಾರಿಯಲ್ಲೇ ಘಟ್ಟ ಇಳಿದು ಹೋಗಿ ಉಪ್ಪು, ಒಣಮೀನು ಹೊತ್ತು ತರುತ್ತಿದ್ದರು. ಒಬ್ಬರ ಹಿಂದೆ ಒಬ್ಬರು ಹೋಗುವಷ್ಟೇ ಅಗಲ. ನೇರ ಹತ್ತುವುದಿಲ್ಲ, ಗುಡ್ಡದ ಮೈಗೆ ಒರಗಿಕೊಂಡು ಸುತ್ತಿ ಸುತ್ತಿ ಹತ್ತುತ್ತದೆ. ನೀರು ಹರಿಯುವ ಕಡೆಯೆಲ್ಲ ಯಾರೋ ಪುಣ್ಯಾತ್ಮರು ಚಪ್ಪಡಿ ಅಡ್ಡ ಹಾಕಿದ್ದಾರೆ, ಮಳೆನೀರು ದಾರಿಯನ್ನು ಕೊರೆಯದೆ ಪಕ್ಕಕ್ಕೆ ಇಳಿಯಲಿ ಅಂತ. ತಲೆಹೊರೆಯ ಕಾಲದ ಎಂಜಿನಿಯರಿಂಗ್. ಅದರಲ್ಲಿ ಮುಂಜಾನೆ ನಡೆದರೆ ಮಂಜಿನಲ್ಲಿ ಕಡವೆ ನಿಂತಿರುವುದು ಕಾಣುತ್ತಿತ್ತು. ಕಾಟಿ (ಕಾಡುಕೋಣ) ಹಿಂಡು ಹುಲ್ಲಿಗೆ ಇಳಿದಿದ್ದರೆ ದಾರಿ ಬಿಟ್ಟು ಸುಮ್ನೆ ಕೂರುತ್ತಿದ್ದೆವು. ಅವು ಹೋದ ಮೇಲೆ ನಾವು ಹೋಗುವುದು. ಮಳೆಗಾಲದಲ್ಲಿ ಒಂದು ಪುಟ್ಟ ಕಂದು ಹಕ್ಕಿ ಹುಲ್ಲಿನೊಳಗಿಂದ ಮೇಲಕ್ಕೆ ಚಿಮ್ಮಿ, ರೆಕ್ಕೆ ಬಡಿಯುತ್ತಾ ಹಾಡಿ, ಕಲ್ಲು ಬಿದ್ದ ಹಾಗೆ ಮತ್ತೆ ಹುಲ್ಲಿಗೆ ಬೀಳುತ್ತದೆ. ಬಾಲ ಅದರ ಗಾತ್ರಕ್ಕೆ ಸ್ವಲ್ಪ ಜಾಸ್ತಿಯೇ ಅಗಲ. ಅದು ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲವಂತೆ, ಹಕ್ಕಿ ನೋಡಲು ಬಂದ ಒಬ್ಬರು ಹೇಳಿದರು. ಗೂಡು ಕಟ್ಟುವುದು ಹುಲ್ಲಿನ ಬುಡದಲ್ಲೇ. ಎಂಟನೇ ಜಾಡು ಎಲ್ಲಿ ಬೀಳುತ್ತದೆ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು?

ಕುರಿಂಜಿ ಹೂವಿನದ್ದೂ ಇದೇ ಕಥೆ. 2022ರಲ್ಲಿ ಚಿಕ್ಕಮಗಳೂರಿನ ಚಂದ್ರದ್ರೋಣ ಬೆಟ್ಟದಲ್ಲಿ ಅರಳಿದಾಗ ಜನ ಮುಗಿಬಿದ್ದಿದ್ದು ನಿಮಗೆ ನೆನಪಿರಬಹುದು. ಹನ್ನೆರಡು ವರ್ಷಕ್ಕೊಮ್ಮೆ ಹೂ ಬಿಟ್ಟು, ಬೀಜ ಉದುರಿಸಿ, ಗಿಡ ಸಾಯುತ್ತದೆ. ಹೂ ಬಿಡುವ ಮೊದಲೇ ಚಕ್ರ ಹರಿದರೆ ಬೀಜವೇ ಇಲ್ಲ. ಅಷ್ಟೇ.

ನನಗೆ ಹೊಟ್ಟೆಕಿಚ್ಚು ಅಂತ ಹೋಂಸ್ಟೇಯವರು ಹೇಳಿಕೊಂಡು ತಿರುಗುತ್ತಾರೆ. ಅದಕ್ಕೂ ಉತ್ತರ ಕೊಟ್ಟುಬಿಡುತ್ತೇನೆ. ನನ್ನ ತಂಗಿಯ ಮಗನೇ ಜೀಪು ಓಡಿಸುತ್ತಾನೆ. ಸಾಲ ಮಾಡಿ ತೆಗೆದ ಗಾಡಿ. ಮೊನ್ನೆ ಮನೆಗೆ ಬಂದವನು, ‘ಮಾವ, ಮೇಲೆ ಹತ್ತಿಸಲ್ಲ ಅಂದ್ರೆ ಗಿರಾಕಿ ಪಕ್ಕದ ಜೀಪಿಗೆ ಹೋಗ್ತಾರೆ. ಎಲ್ಲರಿಗೂ ನಿಲ್ಸಿದ್ರೆ ನಂಗೂ ಆರಾಮು, ಗಾಡಿ ಸ್ಪ್ರಿಂಗ್ ಪ್ಲೇಟ್ ಕಟ್ ಆಗೋದಾದ್ರೂ ತಪ್ಪುತ್ತೆ’ ಅಂದ. ಕೇಳಿಸಿಕೊಂಡಿರಾ? ಪೇಟೆಯಿಂದ ಬುಡದವರೆಗೆ ಅವರು ಓಡಿಸಲಿ, ಬಾಡಿಗೆ ತೆಗೆದುಕೊಳ್ಳಲಿ. ಅಲ್ಲಿಂದ ಮೇಲೆ ಊರಿನ ಹುಡುಗರು ದಾರಿ ತೋರಿಸಲು ಹೋಗಲಿ, ಅವರಿಗೂ ನಾಲ್ಕು ಕಾಸು ಸಿಗುತ್ತದೆ. ನಡೆಯಲಾಗದವರು ಬುಡದಿಂದಲೇ ನೋಡಲಿ. ಅಲ್ಲಿಂದಲೂ ಗುಡ್ಡ ಚೆನ್ನಾಗಿಯೇ ಕಾಣುತ್ತದೆ. ನಾವು ವರ್ಷಪೂರ್ತಿ ನೋಡುವುದು ಅಲ್ಲಿಂದಲೇ.

ಮೇಲಿನವರಿಗೆ ಹೇಳುತ್ತೇನೆ, ಕಮಿಟಿ ಮಾಡುತ್ತೇನೆ, ಪ್ರವಾಸೋದ್ಯಮಕ್ಕೆ ಸಮಗ್ರ ಯೋಜನೆ ಬರುತ್ತಿದೆ ಅಂತೆಲ್ಲ ದಯವಿಟ್ಟು ಬರೆಯಬೇಡಿ. ಸಮಗ್ರ ಯೋಜನೆ ಅಂದರೆ ಏಳು ಜಾಡನ್ನೂ ಸೇರಿಸಿ ಕಾಂಕ್ರೀಟ್ ಹಾಕುವುದು ಅಂತ ನನಗೆ ಗೊತ್ತು. ನಾನು ಕೇಳುತ್ತಿರುವುದು ರಸ್ತೆ ಅಲ್ಲ. ಬುಡದಲ್ಲಿ ಒಂದು ಗೇಟು. ಗೇಟು ಈಗಲೂ ಇದೆ, ಅದರ ಪಕ್ಕದ ಮಣ್ಣು ರಸ್ತೆಗೆ ಅಡ್ಡಲಾಗಿ ನಾಲ್ಕು ದೊಡ್ಡ ಕಲ್ಲು ಉರುಳಿಸಿದರೆ ಆಯಿತು. ಜೀಪು ಹತ್ತಬಾರದು, ಕಾಲು ಹತ್ತಬಹುದು. ಜೊತೆಗೆ ಒಂಬತ್ತು ಮನೆಯವರು ಪೈಪ್ ನೋಡಲು ಹೋಗುವಾಗ ಬುಕಿಂಗ್ ಕೇಳಬಾರದು. ಇಷ್ಟಕ್ಕೆ ಯಾವ ಬಜೆಟ್ಟೂ ಬೇಡ.

ಇನ್ನೊಂದು ಮಳೆಗಾಲ ಹೀಗೇ ಹೋದರೆ ನಮ್ಮ ಗುಂಡಿ ಹೂಳಲ್ಲಿ ಮುಚ್ಚಿಹೋಗುತ್ತದೆ. ಅದಕ್ಕೆ ಮೊದಲು ಜೀಪು ನಿಲ್ಲಿಸಿ.

ಒಂದು ಭಾನುವಾರ ಬಿಡುವು ಮಾಡಿಕೊಂಡು ಮನೆ ಕಡೆ ಬನ್ನಿ. ಮುಂಚೆ ಹೇಳಿ ಬರಬೇಕಿಲ್ಲ. ಹೇಳಿದರೆ ಆ ದಿನ ಒಂದು ಜೀಪೂ ಕಾಣುವುದಿಲ್ಲ. ಅದೇ ಜಗುಲಿಯಲ್ಲಿ ಕೂರಿಸಿ, ಅದೇ ಚೊಂಬಿನಲ್ಲಿ ನೀರು ಕೊಡುತ್ತೇನೆ. ಹೆದರಬೇಡಿ, ಕಾಯಿಸಿಯೇ ಕೊಡುತ್ತೇವೆ. ಈಗ ನಾವೂ ಕಾಯಿಸಿಯೇ ಕುಡಿಯುವುದು.

ಇತಿ,
ಗುಡ್ಡದ ಬುಡದ ನಿಮ್ಮ ಒಬ್ಬ ಮತದಾರ