ಕುಷ್ಟಗಿ ಗುಂಪಿನ ಸದಸ್ಯರಿಗೆ: ವೃದ್ಧಾಪ್ಯ ವೇತನದ ಬಗ್ಗೆ

ಬಂಧುಗಳೇ, ಎರಡು ದಿನಗಳಿಂದ "ನಮ್ಮ ಅಜ್ಜಿಗೆ 800, ಪಕ್ಕದ ಮನೆಯ ಅಜ್ಜನಿಗೆ 1,200, ಇದ್ಯಾವ ನ್ಯಾಯ" ಎಂಬ ಸಂದೇಶಗಳೇ ತುಂಬಿವೆ. ವ್ಯತ್ಯಾಸ ವಯಸ್ಸಿನದು. 60ರಿಂದ 64 ವರ್ಷದವರಿಗೆ ತಿಂಗಳಿಗೆ 800 ರೂಪಾಯಿ, 65 ದಾಟಿದವರಿಗೆ 1,200. ಇದರಲ್ಲಿ ಕೇಂದ್ರದ ಪಾಲು, 80 ದಾಟದವರಿಗೆ, ಬರೀ 200. ಅದು 2007ರಿಂದ ಅಲ್ಲಿಯೇ ನಿಂತಿದೆ. ಉಳಿದದ್ದು ರಾಜ್ಯದ್ದು. ವೃದ್ಧರಿಗೇ ಇರುವ ಇನ್ನೊಂದು ಪಿಂಚಣಿ ಯೋಜನೆಯಾದ ಸಂಧ್ಯಾ ಸುರಕ್ಷಾದಲ್ಲಿ ಪೂರ್ತಿ ಹಣ ರಾಜ್ಯದ್ದೇ.

ಅರ್ಜಿ ತಿರಸ್ಕೃತವಾದವರು ಗಮನಿಸಿ. ನಾನು ಕಂಡ ಹೆಚ್ಚಿನ ಪ್ರಕರಣಗಳಲ್ಲಿ ತಪ್ಪು ಆಧಾರ್ ಕಾರ್ಡಿನದು. ಮೊಮ್ಮಕ್ಕಳ ಮದುವೆ ಮಾಡಿದ ಅಜ್ಜಿಗೆ ಕಾರ್ಡಿನಲ್ಲಿ 52! ಅಂದು ಅಂದಾಜಿಗೆ ಬರೆಸಿದ್ದು ಇಂದು ಕಾಡುತ್ತಿದೆ. ಮೊದಲು ಅದನ್ನು ತಿದ್ದಿಸಿ, ಆಮೇಲೆ ನಾಡಕಚೇರಿಗೆ ಹೋಗಿ. ಆದಾಯ ಪ್ರಮಾಣಪತ್ರದಲ್ಲಿ ವರ್ಷಕ್ಕೆ 32,000 ಮೀರಿದ್ದರೂ ಅರ್ಜಿ ನಿಲ್ಲುತ್ತದೆ.

ಮಂಜೂರಾಗಿಯೂ ಹಣ ಬಾರದಿದ್ದರೆ, ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಬ್ಯಾಂಕಿನಲ್ಲಿ ಕೇಳಿ. ಎರಡು ಖಾತೆಗಳಿದ್ದವರು ಕೊನೆಯದಾಗಿ ಜೋಡಿಸಿದ ಖಾತೆಯನ್ನು ನೋಡಿ. ಹಣ ಅಲ್ಲಿ ಸುಮ್ಮನೆ ಕುಳಿತಿರಬಹುದು.

ಗುಳೆ ಹೋದವರ ತಂದೆ ತಾಯಿಗಳ ವಿಷಯ ಬೇರೆ. ಮಕ್ಕಳ ಜೊತೆ ಬೆಂಗಳೂರಿನ ಶೆಡ್ಡಿನಲ್ಲಿರುವಾಗ ಪರಿಶೀಲನೆಗೆ ಬಂದವರಿಗೆ ಮನೆಗೆ ಬೀಗ ಕಂಡರೆ ವೇತನ ನಿಂತುಹೋಗಬಹುದು. ಹೊರಡುವ ಮುನ್ನ ಗ್ರಾಮ ಆಡಳಿತಾಧಿಕಾರಿಗೆ ತಿಳಿಸಿ ಹೋಗಿ.

ಬಾಯಿಮಾತಿನಲ್ಲಿ "ಆಗುವುದಿಲ್ಲ" ಎಂದರೆ ಒಪ್ಪಬೇಡಿ, ಕಾರಣ ಬರೆದ ಹಿಂಬರಹ ಕೇಳಿ. ಮಧ್ಯವರ್ತಿಗಳಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಆಧಾರ್ ಫೋಟೊಗಳನ್ನು ದಯವಿಟ್ಟು ಈ ಗುಂಪಿನಲ್ಲಿ ಹಾಕಬೇಡಿ. ನಿನ್ನೆ ಹಾಕಿದವರು ಅಳಿಸಿ.