ಕೆಂಗೇರಿಯಲ್ಲಿ ಮೊದಲು ಬಸ್ಸು–ಮೆಟ್ರೊ ದರ ಒಂದಾಗಲಿ, ಆಮೇಲೆ ನೇರ ಬಸ್ಸು ಮೊಟಕಾಗಲಿ

ಮಾನ್ಯ ಸಂಪಾದಕರೇ,

ಮೈಸೂರು ರಸ್ತೆಯ ವಾಹನದಟ್ಟಣೆಯ ಮಾತು ಬಂದಾಗಲೆಲ್ಲ ಒಂದು ಸಲಹೆ ಕೇಳಿಬರುತ್ತದೆ: ಹೊರವಲಯದ ಹಳ್ಳಿಗಳಿಂದ ಮೆಜೆಸ್ಟಿಕ್ಕಿಗೂ ಕೆ.ಆರ್. ಮಾರುಕಟ್ಟೆಗೂ ನೇರವಾಗಿ ಹೋಗುವ ಬಸ್ಸುಗಳನ್ನು ಕೆಂಗೇರಿಗೇ ಮೊಟಕುಗೊಳಿಸಬೇಕು, ಪ್ರಯಾಣಿಕರು ಅಲ್ಲಿಂದ ಮುಂದಕ್ಕೆ ಮೆಟ್ರೊ ಹಿಡಿಯಬೇಕು. ತತ್ವತಃ ಇದು ಸರಿಯಾದ ಸಲಹೆ. ರೈಲು ಮೇಲೆ ತಡೆಯಿಲ್ಲದೆ ಓಡುತ್ತಿರುವಾಗ ಅದೇ ದಾರಿಯಲ್ಲಿ ಬಸ್ಸುಗಳು ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವುದರಿಂದ ಯಾರಿಗೂ ಲಾಭವಿಲ್ಲ. ಆದರೆ ಯಾವ ಕೆಲಸ ಮೊದಲು ಆಗಬೇಕು, ಯಾವುದು ನಂತರ ಎಂಬುದನ್ನು ತೀರ್ಮಾನಿಸದೆ ಬಸ್ಸುಗಳನ್ನು ಮೊಟಕುಗೊಳಿಸಿದರೆ ಅದರ ಪೂರ್ತಿ ಭಾರ ಕಡಿಮೆ ಸಂಬಳದ ಪ್ರಯಾಣಿಕರ ಮೇಲೆ, ಅದರಲ್ಲೂ ಮಹಿಳೆಯರ ಮೇಲೆ ಬೀಳುತ್ತದೆ.

ಕೆಂಗೇರಿಗೆ ಈ ಕೆಲಸಕ್ಕೆ ಬೇಕಾದ ಅನುಕೂಲಗಳೆಲ್ಲ ಇವೆ. ಕೇಂದ್ರ ಸರ್ಕಾರದ ನಗರಾಭಿವೃದ್ಧಿ ಯೋಜನೆಯಾದ ಜೆ–ನರ್ಮ್ ಅಡಿ ನಗರ ಸಾರಿಗೆ ನಿಗಮವಾದ ಬಿಎಂಟಿಸಿಯು ಜಯನಗರ, ಶಾಂತಿನಗರ, ಬನಶಂಕರಿ, ಯಶವಂತಪುರ ಮೊದಲಾದ ಕಡೆ ಕಟ್ಟಿಸಿದ ಟಿಟಿಎಂಸಿಗಳಲ್ಲಿ (ಸಂಚಾರ ಮತ್ತು ಸಾರಿಗೆ ನಿರ್ವಹಣಾ ಕೇಂದ್ರಗಳಲ್ಲಿ) ಒಂದು ಇಲ್ಲಿದೆ. 2021ರ ಆಗಸ್ಟ್ 29ರಂದು ಮೆಟ್ರೊದ ನೇರಳೆ ಮಾರ್ಗ ಮೈಸೂರು ರಸ್ತೆ ನಿಲ್ದಾಣದಿಂದ ಏಳೂವರೆ ಕಿಲೊಮೀಟರ್ ಮುಂದುವರಿದು ಕೆಂಗೇರಿಗೆ ಬಂದಾಗ ಸೇರ್ಪಡೆಯಾದ ಆರು ನಿಲ್ದಾಣಗಳಲ್ಲಿ ಒಂದಕ್ಕೆ ‘ಕೆಂಗೇರಿ ಬಸ್ ಟರ್ಮಿನಲ್’ ಎಂದೇ ಹೆಸರಿಡಲಾಯಿತು. 2023ರ ಅಕ್ಟೋಬರ್ 9ರಂದು ಮಾರ್ಗವು ಚಲ್ಲಘಟ್ಟಕ್ಕೆ ವಿಸ್ತರಿಸಿತು. ಅದೇ ದಿನ ಪೂರ್ವದಲ್ಲಿ ಬೈಯಪ್ಪನಹಳ್ಳಿ ಮತ್ತು ಕೆ.ಆರ್. ಪುರದ ನಡುವೆ ಉಳಿದಿದ್ದ ಕೊಂಡಿಯೂ ಕೂಡಿಕೊಂಡಿದ್ದರಿಂದ, ಕೆಂಗೇರಿಯಲ್ಲಿ ಹತ್ತಿದವರು ರೈಲು ಬದಲಿಸದೆ ವೈಟ್‌ಫೀಲ್ಡ್‌ವರೆಗೆ ಹೋಗುವಂತಾಯಿತು. ರಾಮೋಹಳ್ಳಿ, ಸೂಲಿಕೆರೆ, ಕೊಮ್ಮಘಟ್ಟ, ತಾವರೆಕೆರೆ ಕಡೆಯವರಿಗೆ ಇದು ನಿಜಕ್ಕೂ ದೊಡ್ಡ ವರ. ಬೆಳಗಿನ ಹೊತ್ತು ನಗರದಿಂದ ಹೊರಕ್ಕೆ ಹೋಗುವವರೂ ಇದ್ದಾರೆ; ಕುಂಬಳಗೋಡು ಮತ್ತು ಬಿಡದಿಯ ಕೈಗಾರಿಕಾ ಪ್ರದೇಶಗಳ ಕಾರ್ಮಿಕರನ್ನೂ ಸುತ್ತಲಿನ ಕಾಲೇಜುಗಳ ವಿದ್ಯಾರ್ಥಿಗಳನ್ನೂ ಈ ಲೆಕ್ಕದಲ್ಲಿ ಬಿಡುವಂತಿಲ್ಲ.

ತೊಡಕು ಇರುವುದು ದರದಲ್ಲಿ. 2025ರ ಜನವರಿಯಲ್ಲಿ ಬಸ್ ದರ ಶೇ 15ರಷ್ಟು ಏರಿತು. ಮರುತಿಂಗಳೇ ಮೆಟ್ರೊದ ಗರಿಷ್ಠ ದರ 60 ರೂಪಾಯಿಯಿಂದ 90 ರೂಪಾಯಿಗೆ ಹೋಯಿತು. ಹಳ್ಳಿಯಿಂದ ಕೆಂಗೇರಿಗೆ ಒಂದು ಟಿಕೆಟ್, ಅಲ್ಲಿಂದ ಮೆಜೆಸ್ಟಿಕ್ಕಿಗೆ ಇನ್ನೊಂದು ಎಂದಾದರೆ ಪ್ರಯಾಣವು ಎರಡು ಸಲ ಹೊಸದಾಗಿ ಆರಂಭವಾದಂತೆ ಲೆಕ್ಕವಾಗುತ್ತದೆ. ಮಹಿಳೆಯರ ಮಟ್ಟಿಗಂತೂ ವ್ಯತ್ಯಾಸ ಇನ್ನೂ ದೊಡ್ಡದು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ಸಾಮಾನ್ಯ ಬಸ್ಸಿನಲ್ಲಿ ಅವರಿಗೆ ಪ್ರಯಾಣ ಉಚಿತ. ರಾಮೋಹಳ್ಳಿಯಿಂದ ಮಾರುಕಟ್ಟೆಗೆ ನೇರ ಬಸ್ಸಿನಲ್ಲಿ ಶೂನ್ಯ ಟಿಕೆಟ್ ಪಡೆದು ಹೋಗುವ ಮನೆಗೆಲಸದ ಹೆಣ್ಣುಮಗಳನ್ನು ಕೆಂಗೇರಿಯಲ್ಲಿ ಇಳಿಸಿ ಮೆಟ್ರೊ ಹತ್ತಿ ಎಂದರೆ, ದಿನವೂ ಎರಡು ಸಲ ಕೈಯಿಂದ ಹಣ ತೆರಿ ಎಂದಂತಾಗುತ್ತದೆ. ಆಕೆ ಅರ್ಧ ತಾಸು ಹೆಚ್ಚು ಹಿಡಿದರೂ ಸರಿ ಎಂದು ಬಸ್ಸಿನಲ್ಲೇ ಕೂರುವುದರಲ್ಲಿ ಅವಿವೇಕವೇನೂ ಇಲ್ಲ.

ಇದಕ್ಕೆ ದಾರಿ ಇಲ್ಲದಿಲ್ಲ. ಶೂನ್ಯ ಟಿಕೆಟ್ಟಿನ ಮೌಲ್ಯವನ್ನು ಸರ್ಕಾರ ಸಾರಿಗೆ ನಿಗಮಕ್ಕೆ ತುಂಬಿಕೊಡುತ್ತದೆ. ಬಸ್ಸು ಮಾರುಕಟ್ಟೆಯವರೆಗೆ ಹೋಗದೆ ಕೆಂಗೇರಿಯಲ್ಲೇ ನಿಂತರೆ ಆ ಟಿಕೆಟ್ಟಿನ ಮೌಲ್ಯವೂ ಅಷ್ಟರಮಟ್ಟಿಗೆ ಇಳಿಯುತ್ತದೆ. ಹೀಗೆ ಉಳಿಯುವ ಹಣವನ್ನು, ಬಸ್ಸಿನಿಂದ ಇಳಿದು ನಿಗದಿತ ಅವಧಿಯೊಳಗೆ ಮೆಟ್ರೊ ಹತ್ತುವ ಮಹಿಳೆಯರ ರೈಲು ದರದ ಒಂದು ಪಾಲನ್ನು ಭರಿಸಲು ಬಳಸಬಹುದು. ಉಳಿದ ಪ್ರಯಾಣಿಕರಿಗೆ, ಎರಡನೆಯ ವಾಹನ ಹತ್ತುವಾಗ ಕನಿಷ್ಠ ದರವನ್ನು ಮತ್ತೆ ವಿಧಿಸದೆ ಒಟ್ಟು ದೂರಕ್ಕೆ ದರ ಲೆಕ್ಕ ಹಾಕಬೇಕು. ಸಿಂಗಪುರದಲ್ಲಿ 2010ರಿಂದಲೂ ಬಸ್ಸು ಮತ್ತು ರೈಲಿನ ನಡುವೆ ನಡೆಯುತ್ತಿರುವುದು ಇದೇ ಪದ್ಧತಿ. ನಮ್ಮ ಮೆಟ್ರೊದಲ್ಲಿ 2023ರಿಂದ ಬಳಕೆಯಲ್ಲಿರುವ ರಾಷ್ಟ್ರೀಯ ಸಂಚಾರ ಕಾರ್ಡನ್ನು ಎಲ್ಲ ಬಸ್ಸುಗಳಲ್ಲೂ ಸ್ವೀಕರಿಸಿದ ಮಾತ್ರಕ್ಕೆ ಸಮಸ್ಯೆ ಬಗೆಹರಿಯದು. ಒಂದೇ ಕಾರ್ಡಿನಿಂದ ಎರಡು ಪೂರ್ತಿ ದರ ಕಡಿತವಾದರೆ ಪ್ರಯಾಣಿಕರಿಗೆ ತಪ್ಪುವುದು ಚಿಲ್ಲರೆಯ ರಗಳೆ ಮಾತ್ರ.

ದರದಷ್ಟೇ ಮುಖ್ಯವಾದದ್ದು ವೇಳೆ. ಪರ ಊರುಗಳಿಂದ ಬೆಳಗಿನ ಜಾವ ಬಂದಿಳಿಯುವವರಿಗಾಗಿ 2025ರ ಜನವರಿಯಲ್ಲಿ ಮೆಟ್ರೊ ಸಂಸ್ಥೆಯು ಸೋಮವಾರಗಳಂದು ಬೆಳಿಗ್ಗೆ 4.15ಕ್ಕೇ ರೈಲು ಆರಂಭಿಸಿತು. ಪ್ರಯಾಣಿಕರ ಅಗತ್ಯಕ್ಕೆ ತಕ್ಕಂತೆ ವೇಳಾಪಟ್ಟಿ ಬದಲಿಸಬಹುದು ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ. ಬಸ್ಸುಗಳಿಗೂ ಇದೇ ನಿಯಮ ಅನ್ವಯಿಸಲಿ. ರೈಲು ಕೆಲವೇ ನಿಮಿಷಗಳಿಗೊಂದರಂತೆ ಬರುವುದರಿಂದ ನಗರದ ಕಡೆಗೆ ಹೋಗುವವರು ಕಾಯುವುದು ಕಡಿಮೆ. ಸಂಜೆ ಮರಳುವಾಗ ಹಳ್ಳಿಯ ಬಸ್ಸು ತಪ್ಪಿದರೆ ಮಾತ್ರ ಮುಂದಿನದಕ್ಕೆ ಬಹಳ ಹೊತ್ತು ನಿಲ್ಲಬೇಕಾಗುತ್ತದೆ. ಆದ್ದರಿಂದ ಸಂಜೆ ಮತ್ತು ರಾತ್ರಿಯ ಬಸ್ಸುಗಳ ವೇಳೆಯನ್ನು ರೈಲು ತಲುಪುವ ವೇಳೆಗೆ ಹೊಂದಿಸಬೇಕು. ಕೊನೆಯ ರೈಲು ಬಂದು, ಅದರಿಂದ ಇಳಿದವರು ಮೆಟ್ಟಿಲಿಳಿದು ನಡೆದು ಬರುವವರೆಗೆ ಆಯಾ ದಿಕ್ಕಿನ ಕೊನೆಯ ಬಸ್ಸು ಕಡ್ಡಾಯವಾಗಿ ಕಾಯಬೇಕು. ರಾತ್ರಿ ಒಂದೇ ಒಂದು ಸಲ ಬಸ್ಸು ಕೈಕೊಟ್ಟರೂ ಜನ ಮರುದಿನದಿಂದ ದ್ವಿಚಕ್ರ ವಾಹನಕ್ಕೆ ಮೊರೆಹೋಗುತ್ತಾರೆ. ಹಾಗೆ ಹೋದವರನ್ನು ಬಸ್ಸಿಗೆ ಮರಳಿ ತರುವುದು ಸುಲಭವಲ್ಲ.

‘ನಮ್ಮ ಬಿಎಂಟಿಸಿ’ ಆ್ಯಪ್‌ ಇದೆಯಲ್ಲ ಎನ್ನಬಹುದು. ಎಲ್ಲರ ಕೈಯಲ್ಲೂ ಸ್ಮಾರ್ಟ್‌ಫೋನ್ ಇರುವುದಿಲ್ಲ. ರೈಲಿನಿಂದ ಇಳಿದು ಟಿಕೆಟ್ ಗೇಟು ದಾಟುವ ಮುನ್ನವೇ ಯಾವ ಊರಿನ ಬಸ್ಸು ಯಾವ ಅಂಕಣದಿಂದ ಎಷ್ಟು ಹೊತ್ತಿಗೆ ಹೊರಡುತ್ತದೆ ಎಂಬುದು ದೊಡ್ಡ ಕನ್ನಡ ಅಕ್ಷರಗಳಲ್ಲಿ ಕಾಣಬೇಕು. ನಡುವಿನ ದಾರಿಗೆ ಮಳೆ ತಡೆಯುವ ಸೂರು, ವಯಸ್ಸಾದವರಿಗೂ ಗಾಲಿಕುರ್ಚಿಯವರಿಗೂ ಇಳಿಜಾರು, ರಾತ್ರಿ ಸಾಕಷ್ಟು ಬೆಳಕು ಇರಬೇಕೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಸ್ಸು ಒಂದು ನಿಗಮದ್ದು, ರೈಲು ಇನ್ನೊಂದು ನಿಗಮದ್ದು ಎಂಬ ಕಾರಣಕ್ಕೆ ಇವೆಲ್ಲ ನಿಲ್ಲಬಾರದೆಂದೇ 2022ರಲ್ಲಿ ವಿಧಾನಮಂಡಲವು ಬೆಂಗಳೂರು ಮಹಾನಗರ ಭೂ ಸಾರಿಗೆ ಪ್ರಾಧಿಕಾರದ ಮಸೂದೆಗೆ ಒಪ್ಪಿಗೆ ನೀಡಿತು. ಎರಡೂ ನಿಗಮಗಳನ್ನು ಒಂದೇ ಮೇಜಿನ ಮುಂದೆ ಕೂರಿಸುವ ಹೊಣೆ ಆ ಪ್ರಾಧಿಕಾರದ್ದು. ಅದು ಕೆಂಗೇರಿಯನ್ನು ಮೊದಲ ಪ್ರಯೋಗವಾಗಿ ಕೈಗೆತ್ತಿಕೊಂಡು, ಜಂಟಿ ದರಪಟ್ಟಿ ಮತ್ತು ಜಂಟಿ ವೇಳಾಪಟ್ಟಿಯ ಕರಡನ್ನು ಸಾರ್ವಜನಿಕರ ಆಕ್ಷೇಪಣೆಗೆ ಪ್ರಕಟಿಸಬೇಕು. ಅವೆರಡೂ ಜಾರಿಗೆ ಬಂದು, ಜನರು ತಾವಾಗಿಯೇ ಕೆಂಗೇರಿಯಲ್ಲಿ ಇಳಿದು ರೈಲು ಹತ್ತತೊಡಗುವವರೆಗೆ, ಹೊರವಲಯದ ನೇರ ಬಸ್ಸುಗಳಲ್ಲಿ ಒಂದನ್ನೂ ಮೊಟಕುಗೊಳಿಸಬಾರದೆಂದು ಸಾರಿಗೆ ಸಚಿವರನ್ನು ಕೋರುತ್ತೇನೆ.

– ಓರ್ವ ಪ್ರಯಾಣಿಕ, ಕೆಂಗೇರಿ ಉಪನಗರ, ಬೆಂಗಳೂರು