ಪುಟ್ಟಿಗೆ, ಆಪರೇಷನ್ ಡೇಟ್ ಹಾಕ್ಸೋ ಮುಂಚೆ

ಪುಟ್ಟಿ,

ನೀನು ವಾಟ್ಸಾಪಲ್ಲಿ ಕಳ್ಸಿದ ಸ್ಕ್ಯಾನಿಂಗ್ ರಿಪೋರ್ಟು, ಬ್ಲಡ್ ರಿಪೋರ್ಟು ಎರಡೂ ನೋಡ್ದೆ. ಫೋನಲ್ಲೇ ಹೇಳೋಣ ಅಂದ್ರೆ ನಿಮ್ಮನೇಲಿ ಯಾವಾಗ್ಲೂ ಯಾರಾದ್ರೂ ಪಕ್ಕದಲ್ಲೇ ಇರ್ತಾರೆ, ನೀನು ಹೂಂ ದೊಡ್ಡಮ್ಮ ಹೂಂ ದೊಡ್ಡಮ್ಮ ಅಂತೀಯೇ ಹೊರತು ಏನೂ ಬಾಯಿ ಬಿಡಲ್ಲ, ಅದಕ್ಕೇ ಉದ್ದಕ್ಕೆ ಬರೀತಿದೀನಿ, ಸ್ಕೂಲಲ್ಲಿ ಫ್ರೀ ಪೀರಿಯಡ್ ಸಿಕ್ಕಾಗ ಸಮಾಧಾನವಾಗಿ ಕೂತು ಓದು.

ನೀನು ಗರ್ಭಕೋಶದಲ್ಲಿ 5 ಸೆಂಟಿಮೀಟರ್ ಫೈಬ್ರಾಯ್ಡ್, ಅಂದ್ರೆ ಗಡ್ಡೆ, ಅಂತ ಬರ್ದಿರೋದ್ನ ನೋಡಿ ಅಳ್ತಿದೀಯ. ನಂಗೆ ಎದೆ ಧಸಕ್ ಅಂದಿದ್ದು ಇನ್ನೊಂದು ಹಾಳೆ ನೋಡಿ. ಹಿಮೋಗ್ಲೋಬಿನ್ 7.6 ಕಣೇ! ಹೆಂಗಸರಿಗೆ 12 ಆದ್ರೂ ಇರ್ಬೇಕು, 8ರ ಕೆಳಗೆ ಹೋದ್ರೆ ಅದು ತೀವ್ರ ರಕ್ತಹೀನತೆ. ಮೆಟ್ಲು ಹತ್ತಿದ್ರೆ ಏದುಸಿರು, ಬೋರ್ಡ್ ಮೇಲೆ ಬರೀತಾ ಬರೀತಾ ಕಣ್ಣು ಕತ್ತಲೆ ಬರೋದು, ಬಾಚಣಿಗೆ ತುಂಬಾ ಕೂದ್ಲು, ಇವೆಲ್ಲಾ ವಯಸ್ಸಿಂದೂ ಅಲ್ಲ ಕೆಲ್ಸದ್ದೂ ಅಲ್ಲ, ರಕ್ತ ಇಲ್ದೇ ಆಗ್ತಿರೋದು. ಹಸಿ ಅಕ್ಕಿ ಬಾಯಿಗೆ ಹಾಕ್ಕೋತಿರ್ತಾಳೆ ಅಂತ ನಿಮ್ಮಮ್ಮ ನಗ್ತಾ ಹೇಳಿದ್ಲು, ಅದೂ ಮೈಯಲ್ಲಿ ಕಬ್ಬಿಣದ ಅಂಶ ಖಾಲಿ ಆಗಿರೋದಕ್ಕೇ ಆಗೋ ಚಪಲ, ಎಷ್ಟೋ ಹೆಂಗಸರು ಬಳಪ, ಮಣ್ಣು ತಿನ್ನೋದೂ ಇದ್ರಿಂದಾನೇ. ಗಡ್ಡೆಗೆ ಟೈಮ್ ಇದೆ ಪುಟ್ಟಿ, ರಕ್ತಕ್ಕೆ ಟೈಮ್ ಇಲ್ಲ. ಗರ್ಭಕೋಶ ತೆಗ್ಸೋದೋ ಬಿಡೋದೋ ಆಮೇಲೆ ಯೋಚ್ನೆ ಮಾಡು, ಮೊದ್ಲು ರಕ್ತ ಏರ್ಬೇಕು, ಈ ಕಾಗದದಲ್ಲಿ ನಾನು ಹೇಳೋ ಮುಖ್ಯ ಮಾತು ಅದೇ.

ಐರನ್ ಮಾತ್ರೆ ತಗೋತಾ ಇದೀನಿ ಅಂದೆ, ಹೇಗೆ ತಗೋತೀಯ? ಬೆಳಿಗ್ಗೆ ತಿಂಡಿ ಆದ್ಮೇಲೆ ಕಾಫಿ ಜೊತೆ ನುಂಗಿದ್ರೆ ಅದು ಮೈಗೆ ಸರಿಯಾಗಿ ಹತ್ತಲ್ಲ. ಕಾಫಿ, ಟೀ, ಹಾಲು ಇವು ಐರನ್ನನ್ನ ಹೀರ್ಕೊಳೋಕೆ ಬಿಡಲ್ಲ, ಕ್ಯಾಲ್ಸಿಯಂ ಮಾತ್ರೆಯೂ ಅಷ್ಟೆ, ಎರಡನ್ನೂ ಒಟ್ಟಿಗೆ ನುಂಗ್ಬೇಡ. ಹೊಟ್ಟೆ ಖಾಲಿ ಇದ್ದಾಗ ನಿಂಬೆಹಣ್ಣಿನ ನೀರಲ್ಲಿ ತಗೋ, ಒಂದು ಗಂಟೆ ಬಿಟ್ಟು ಕಾಫಿ ಕುಡಿ. ಮೋಷನ್ ಕಪ್ಪಗೆ ಹೋಗುತ್ತೆ, ಹೆದರ್ಬೇಡ. ಮಲಬದ್ಧತೆ ಆದ್ರೆ ಮಾತ್ರೆ ಬಿಟ್ಬಿಡ್ಬೇಡ, ದಿನ ಬಿಟ್ಟು ದಿನ ತಗೋಬಹುದಾ ಅಂತ ಡಾಕ್ಟ್ರನ್ನ ಕೇಳು. ಆದ್ರೆ ನಂಗನ್ಸೋದು, ನಿಂಗೆ ಬರೀ ಮಾತ್ರೆ ಸಾಕಾಗಲ್ಲ, ತಿಂಗ್ಳು ತಿಂಗ್ಳು ಅಷ್ಟು ರಕ್ತ ಹೋಗ್ತಿರುವಾಗ ಮಾತ್ರೆ ಒಂದು ಕಡೆ ತುಂಬಿಸ್ತಿದ್ರೆ ಇನ್ನೊಂದು ಕಡೆ ಖಾಲಿ ಆಗ್ತಾನೇ ಇರುತ್ತೆ. ಡ್ರಿಪ್ಪಲ್ಲಿ ಐರನ್ ಹಾಕ್ತಾರಲ್ಲ ಅದನ್ನ ಕೇಳು, ಐರನ್ ಸುಕ್ರೋಸ್ ಅಂತಾದ್ರೆ ಕೆಲವು ಸಲ ಹೋಗ್ಬೇಕು, ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಅಂತಾದ್ರೆ ಒಂದೆರಡು ಸಲದಲ್ಲೇ ಜಾಸ್ತಿ ಡೋಸ್ ಕೊಡ್ತಾರೆ, ರೇಟು ಜಾಸ್ತಿ. ಆಸ್ಪತ್ರೆಯಲ್ಲೇ ಹಾಕ್ಸ್ಕೋಬೇಕು, ಮನೇಲಿ ಅಲ್ಲ.

ಬೀಟ್ರೂಟು, ದಾಳಿಂಬೆ, ಖರ್ಜೂರ ಅಂತ ನಿಮ್ಮತ್ತೆಯವ್ರು ಕೊಡ್ತಿರೋದು ಒಳ್ಳೇದೇ, ಪ್ರೀತಿಯಿಂದ ಕೊಡ್ತಾರೆ, ತಿನ್ನು. ಆದ್ರೆ ಅದ್ರಿಂದ 7 ಹೋಗಿ 12 ಆಗಲ್ಲ. ನುಗ್ಗೆಸೊಪ್ಪು, ಹುರುಳಿಕಾಳು, ಮೊಳಕೆ ಕಟ್ಟಿದ ರಾಗಿ ಮಾಡ್ಕೋ, ಊಟದ ಜೊತೆ ನಿಂಬೆಹಣ್ಣು ಇರ್ಲಿ.

ಇನ್ನು ಬ್ಲೀಡಿಂಗ್. ನೀನು ಆ ನಾಲ್ಕು ದಿನ ಕಪ್ಪು ಚೂಡಿದಾರನೇ ಹಾಕ್ಕೊಂಡು, ಎರಡು ಪ್ಯಾಡ್ ಒಟ್ಟಿಗೆ ಇಟ್ಕೊಂಡು, ಸ್ಟಾಫ್ ರೂಮ್ ಕುರ್ಚಿಯಿಂದ ಏಳೋ ಮುಂಚೆ ಒಂದು ಸಲ ಕೈ ಹಿಂದೆ ಹಾಕಿ ಮುಟ್ಟಿ ನೋಡ್ಕೊಂಡು ಏಳ್ತೀಯ ಅಂತ ನಂಗೊತ್ತು, ಯಾಕಂದ್ರೆ ನಾನೂ ವರ್ಷಗಟ್ಲೆ ಹಾಗೇ ಬದುಕ್ದೋಳು. ರಾತ್ರಿ ಮೈ ಕೆಳಗೆ ರಬ್ಬರ್ ಶೀಟು, ಅದ್ರ ಮೇಲೆ ಹಳೇ ಪಂಚೆ, ಆದ್ರೂ ನಡುರಾತ್ರಿ ಎದ್ದು ಬಾತ್‌ರೂಮಲ್ಲಿ ಬೆಡ್‌ಶೀಟ್ ತಣ್ಣೀರಲ್ಲಿ ಉಜ್ಜೋದು. ಎಲ್ಲಾ ಹೆಂಗಸರಿಗೂ ಇರೋದೇ ಅಂತ ಯಾರೇ ಹೇಳ್ಲಿ ನಂಬ್ಬೇಡ. ಏಳು ದಿನಕ್ಕಿಂತ ಜಾಸ್ತಿ ಹೋಗೋದು, ಗಂಟೆ ಎರಡು ಗಂಟೆಗೊಂದು ಪ್ಯಾಡ್ ಬದಲಾಯ್ಸೋದು, ಗಡ್ಡೆಗಡ್ಡೆ ಹೆಪ್ಪು ಬೀಳೋದು, ಇದು ಕಾಯಿಲೆ, ಇದಕ್ಕೆ ಔಷಧಿ ಇದೆ. ಟ್ರಾನೆಕ್ಸಾಮಿಕ್ ಆಸಿಡ್ ಅಂತ ಒಂದು ಮಾತ್ರೆ, ಜಾಸ್ತಿ ಹೋಗೋ ದಿನಗಳಲ್ಲಿ ಮಾತ್ರ ತಗೋಳೋದು, ರಕ್ತ ಹೋಗೋದು ಎಷ್ಟೋ ಕಮ್ಮಿ ಆಗುತ್ತೆ. ಆದ್ರೆ ಕಾಲಲ್ಲಿ ರಕ್ತ ಹೆಪ್ಪುಗಟ್ಟಿದ್ದು ಅಥವಾ ಸ್ಟ್ರೋಕ್ ಆಗಿದ್ದು ಅಂತ ಇದ್ರೆ ಕೊಡಲ್ಲ, ಅದಕ್ಕೇ ನೀನೇ ಮೆಡಿಕಲ್ ಸ್ಟೋರಲ್ಲಿ ಕೇಳಿ ತರ್ಬೇಡ, ಡಾಕ್ಟ್ರು ಬರ್ಕೊಡ್ಲಿ. ಹೊಟ್ಟೆನೋವಿನ ಮಾತ್ರೆ ಖಾಲಿ ಹೊಟ್ಟೇಲಿ ನುಂಗ್ಬೇಡ. ಹಬ್ಬಕ್ಕೆ ಡೇಟ್ ಮುಂದಕ್ಕೆ ಹಾಕೋ ಮಾತ್ರೆ ಮಾತ್ರ ಯಾರು ಹೇಳಿದ್ರೂ ನಿನ್ನಷ್ಟಕ್ಕೆ ನೀನೇ ತಗೋಬೇಡ, ನಿಲ್ಸಿದ ಮೇಲೆ ಬ್ಲೀಡಿಂಗ್ ಬಂದೇ ಬರುತ್ತೆ, ದೇವ್ರು ನೀನು ಹೊರಗೆ ಕೂತಿದೀಯ ಅಂತ ಕೋಪ ಮಾಡ್ಕೊಳಲ್ಲ. ಒಂದೊಂದು ಗಂಟೆಗೂ ಪ್ಯಾಡ್ ತೊಪ್ಪೆ ಆಗ್ತಾ, ಎರಡು ಗಂಟೆ ಆದ್ರೂ ಕಮ್ಮಿ ಆಗ್ಲಿಲ್ಲ, ತಲೆ ತಿರುಗ್ತಿದೆ ಅಂದ್ರೆ ಸೀದಾ ಆಸ್ಪತ್ರೆ, ಬೆಳಗಾಗ್ಲಿ ಅಂತ ಕಾಯ್ಬೇಡ.

ಈಗ ಗಡ್ಡೆ ವಿಷ್ಯ. ಫೈಬ್ರಾಯ್ಡ್ ಅಂದ್ರೆ ಗರ್ಭಕೋಶದ ಮಾಂಸಖಂಡಾನೇ ಒಂದು ಕಡೆ ಗಂಟು ಕಟ್ಟಿ ಬೆಳೆಯೋದು. ಕ್ಯಾನ್ಸರ್ ಅಲ್ಲ. ಅಂಥದ್ರಲ್ಲಿ ಕ್ಯಾನ್ಸರ್ ಸಿಗೋದು ಬಹಳ ಬಹಳ ಅಪರೂಪ. ಐವತ್ತು ತುಂಬೋ ಹೊತ್ತಿಗೆ ಅರ್ಧಕ್ಕಿಂತ ಜಾಸ್ತಿ ಹೆಂಗಸರಿಗೆ ಸಣ್ಣದೋ ದೊಡ್ಡದೋ ಇದ್ದೇ ಇರುತ್ತೆ, ಎಷ್ಟೋ ಜನಕ್ಕೆ ಗೊತ್ತೂ ಆಗಲ್ಲ. ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ತಾನೇ ಕುಗ್ಗುತ್ತೆ. ಎಷ್ಟು ದಪ್ಪ ಇದೆ ಅನ್ನೋದಕ್ಕಿಂತ ಎಲ್ಲಿ ಕೂತಿದೆ ಅನ್ನೋದು ಮುಖ್ಯ. ಒಳಪದರಕ್ಕೆ ತಾಗಿದ್ರೆ ಸಣ್ಣದಾದ್ರೂ ಸಿಕ್ಕಾಪಟ್ಟೆ ರಕ್ತ, ಹೊರಗೆ ಬೆಳೆದಿದ್ರೆ ರಕ್ತ ಜಾಸ್ತಿ ಹೋಗ್ದಿದ್ರೂ ಮೂತ್ರಕೋಶ ಒತ್ತಿ ಗಳಿಗೆಗೊಂದ್ಸಲ ಮೂತ್ರಕ್ಕೆ ಓಡೋದು, ಮಲಬದ್ಧತೆ, ಸೊಂಟ ಸೆಳೆತ. ನಿನ್ನ ರಿಪೋರ್ಟಲ್ಲಿ ಇಂಟ್ರಾಮ್ಯೂರಲ್ ಅಂತ ಇದೆ, ಅಂದ್ರೆ ಗೋಡೆ ಒಳಗೆ, ಅದು ಒಳಪದರನ ಒತ್ತಿದೆಯಾ ಇಲ್ವಾ ಅಂತ ಬರ್ದಿಲ್ಲ. ಶನಿವಾರ ಹೋದಾಗ ಮೊದ್ಲು ಅದನ್ನೇ ಕೇಳು. ಒತ್ತಿಲ್ಲ ಅಂದ್ರೆ ಹಾರ್ಮೋನ್ ಇರೋ ಕಾಪರ್-ಟಿ ತರದ್ದು, ಮಿರೆನಾ ಅಂತಾರಲ್ಲ, ಅದು ನಡಿಯುತ್ತಾ ಕೇಳು, ಬ್ಲೀಡಿಂಗನ್ನ ಚೆನ್ನಾಗಿ ಹಿಡ್ಕೊಳುತ್ತೆ. ಗಡ್ಡೆ ಮಾತ್ರ ತೆಗ್ಯೋ ಆಪರೇಷನ್ ಇದೆ, ಆದ್ರೆ ಮತ್ತೆ ಬೆಳೀಬಹುದು. ಗಡ್ಡೆಗೆ ಹೋಗೋ ರಕ್ತನಾಳ ಮುಚ್ಚಿ ಅದನ್ನ ಒಣಗ್ಸೋ ಎಂಬೋಲೈಸೇಷನ್ನೂ ಬೆಂಗ್ಳೂರಲ್ಲಿ ಮಾಡ್ತಾರೆ. ನಿಂಗೆ ಈಗ 44, ಬಯಾಪ್ಸಿ ಮಾಡಿ ಒಳಪದರ ಪರೀಕ್ಷೆ ಮಾಡ್ಬೇಕಾ ಅಂತಾನೂ ಕೇಳು, ಥೈರಾಯ್ಡ್ ನೋಡಿಲ್ದಿದ್ರೆ ಅದನ್ನೂ ನೋಡಿಸ್ಕೋ.

ಮಕ್ಕಳು ಎರಡಾಯ್ತಲ್ಲ, ಇನ್ಯಾಕೆ ಅದು, ತೆಗ್ಸಿ ಬಿಸಾಕು ಅಂತ ನಿನ್ನ ನಾದಿನಿ ಅಂದ್ಲಂತೆ. ಈ ಮಾತು ಕೇಳಿದ್ರೆ ನಂಗೆ ಹೊಟ್ಟೆ ಉರಿಯುತ್ತೆ. ಕಲಬುರಗಿ ಕಡೆ ತಾಂಡಾಗಳಲ್ಲಿ ಲಂಬಾಣಿ ಹೆಣ್ಮಕ್ಕಳು ಹೊಟ್ಟೆನೋವು, ಬಿಳಿಮುಟ್ಟು ಅಂತ ಹೋದೋರಿಗೆ ಕ್ಯಾನ್ಸರ್ ಆಗುತ್ತೆ ಅಂತ ಹೆದರ್ಸಿ ಚಿಕ್ಕ ವಯಸ್ಸಲ್ಲೇ ಗರ್ಭಕೋಶ ತೆಗೆದಿದ್ದು ಪೇಪರಲ್ಲೆಲ್ಲಾ ಬಂದಿತ್ತು. ಮಹಾರಾಷ್ಟ್ರದ ಬೀಡ್ ಕಡೆ ಕಬ್ಬು ಕಡಿಯೋ ಹೆಂಗಸರದ್ದೂ ಇದೇ ಕತೆ. 2023ರಲ್ಲಿ ಸುಪ್ರೀಂ ಕೋರ್ಟೇ ಅನವಶ್ಯಕ ಗರ್ಭಕೋಶ ಆಪರೇಷನ್ ತಡೆಯೋ ಮಾರ್ಗಸೂಚಿ ಜಾರಿ ಮಾಡಿ ಅಂತ ರಾಜ್ಯಗಳಿಗೆ ಹೇಳ್ಬೇಕಾಯ್ತು ಅಂದ್ರೆ ಯೋಚ್ನೆ ಮಾಡು. ನಾಳೆನೇ ತೆಗೀದಿದ್ರೆ ಕ್ಯಾನ್ಸರ್ ಆಗುತ್ತೆ ಅಂತ ಯಾವ ಡಾಕ್ಟ್ರಾದ್ರೂ ಹೇಳಿದ್ರೆ ರಿಪೋರ್ಟ್ ಎತ್ಕೊಂಡು ಇನ್ನೊಬ್ರ ಹತ್ರ ಹೋಗು. ಎರಡನೇ ಅಭಿಪ್ರಾಯ ಕೇಳಿದ್ರೆ ಒಳ್ಳೇ ಡಾಕ್ಟ್ರು ಬೇಜಾರು ಮಾಡ್ಕೊಳಲ್ಲ.

ಹಾಗಂತ ನಾನು ಆಪರೇಷನ್ ಬೇಡ ಅಂತಿಲ್ಲ. ಔಷಧಿ ನೋಡಾಯ್ತು, ಆದ್ರೂ ಜೀವನ ಹಿಂಡ್ತಾ ಇದೆ ಅಂದ್ರೆ ತೆಗ್ಸಿದ್ರೆ ನಿಜವಾಗ್ಲೂ ಬಿಡುಗಡೆ. ನಂಗೆ ಹಾಗೇ ಆಯ್ತು, ತೆಗ್ಸಿದ್ದಕ್ಕೆ ಒಂದು ದಿನಾನೂ ಪಶ್ಚಾತ್ತಾಪ ಪಟ್ಟಿಲ್ಲ. ಆದ್ರೆ ನಂಗೆ ಮೊದ್ಲು ನೋಡಿದ ಡಾಕ್ಟ್ರು ಹೇಗೂ ಹೊಟ್ಟೆ ಓಪನ್ ಮಾಡ್ತೀವಿ ಅಂಡಾಶಯಾನೂ ತೆಗ್ದುಬಿಡೋಣ ಅಂದ್ರು, ಅದ್ರಲ್ಲಿ ಏನು ತೊಂದ್ರೆ ಇದೆ ಅಂತ ಕೇಳಿದ್ರೆ ಸರಿಯಾಗಿ ಉತ್ತರ ಕೊಡ್ಲಿಲ್ಲ, ನಾನು ಬೇರೆ ಕಡೆ ಮಾಡಿಸ್ಕೊಂಡೆ, ಅಂಡಾಶಯ ಉಳೀತು. ಇದನ್ನ ಗಟ್ಟಿಯಾಗಿ ಹಿಡ್ಕೋ ಪುಟ್ಟಿ. ನಿನ್ನ ವಯಸ್ಸಿಗೆ ಅಂಡಾಶಯ ಎರಡೂ ತೆಗೆದ್ರೆ ರಾತ್ರೋರಾತ್ರಿ ಮೆನೋಪಾಸು, ಮೈಯೆಲ್ಲಾ ಬಿಸಿ ಏರಿ ಬೆವರೋದು, ನಿದ್ದೆ ಇಲ್ಲ, ಮೂಳೆ ಸವೆಯೋದು, ಹೃದಯಕ್ಕೂ ಒಳ್ಳೇದಲ್ಲ. ಅದ್ರಲ್ಲಿ ಕಾಯಿಲೆ ಇದ್ರೆ, ಮನೆತನದಲ್ಲಿ ಆ ತರ ಕ್ಯಾನ್ಸರ್ ಇದ್ರೆ ಮಾತು ಬೇರೆ. ಟ್ಯೂಬ್ (ಅಂಡನಾಳ) ತೆಗೀತೀವಿ ಅಂದ್ರೆ ಒಪ್ಕೋಬಹುದು, ಅದ್ರಿಂದ ಮುಂದೆ ಅಂಡಾಶಯದ ಕ್ಯಾನ್ಸರ್ ಬರೋ ಸಾಧ್ಯತೆ ಕಮ್ಮಿ ಆಗುತ್ತೆ. ಸಹಿ ಹಾಕೋ ಫಾರಂನಲ್ಲಿ ಏನೇನು ತೆಗೀತಾರೆ ಅಂತ ಬರೆದಿರುತ್ತೆ, ಓದ್ದೇ ಸಹಿ ಹಾಕ್ಬೇಡ, ನಿನ್ ಗಂಡನ ಕೈಲೂ ಓದ್ಸು. ಇನ್ಶೂರೆನ್ಸ್ ಹೊಸದಾದ್ರೆ ಫೈಬ್ರಾಯ್ಡ್ ಆಪರೇಷನ್‌ಗೆ ಸಾಮಾನ್ಯವಾಗಿ ಎರಡು ವರ್ಷ ವೇಯ್ಟಿಂಗ್ ಇರುತ್ತೆ, ಪಾಲಿಸಿ ತೆಗ್ದು ನೋಡಿ.

ಆಪರೇಷನ್ ಆದ್ಮೇಲೆ ಏನಾಗುತ್ತೆ ಅಂತ ಯಾರೂ ಬಿಡ್ಸಿ ಹೇಳಲ್ಲ, ನಾನು ಹೇಳ್ತೀನಿ. ಲ್ಯಾಪರೋಸ್ಕೋಪಿ, ಅಂದ್ರೆ ಸಣ್ಣ ತೂತು ಮಾಡಿ ಮಾಡೋ ಆಪರೇಷನ್, ಆದ್ರೆ ಭುಜ ನೋಯಬಹುದು, ಹೊಟ್ಟೆ ಆಪರೇಷನ್ನಿಗೆ ಭುಜ ಯಾಕೆ ಅಂತ ಗಾಬರಿ ಆಗ್ಬೇಡ, ಒಳಗೆ ತುಂಬಿದ ಗ್ಯಾಸಿಂದ ಅದು, ಎರಡು ಮೂರು ದಿನಕ್ಕೆ ಹೋಗುತ್ತೆ. ಕೆಮ್ಮು ಬಂದಾಗ ಒಂದು ದಿಂಬನ್ನ ಹೊಟ್ಟೆಗೆ ಒತ್ತಿ ಹಿಡ್ಕೊಂಡು ಕೆಮ್ಮು. ಹಾಸಿಗೆಯಿಂದ ಏಳುವಾಗ ನೆಟ್ಟಗೆ ಏಳ್ಬೇಡ, ಮೊದ್ಲು ಮಗ್ಗುಲಾಗಿ, ಕಾಲು ಕೆಳಗೆ ಬಿಟ್ಟು, ಕೈ ಊರಿ ಏಳು. ಮಾರನೇ ದಿನಾನೇ ನಡಿ ಅಂತಾರೆ, ನೋವು ಅಂತ ಮಲಗ್ಬೇಡ, ಕಾಲಲ್ಲಿ ರಕ್ತ ಹೆಪ್ಪುಗಟ್ಟಬಾರ್ದು ಅಂತಾನೇ ನಡೆಸೋದು. ಹಸಿ ಮೈ, ನೀರು ಜಾಸ್ತಿ ಕುಡೀಬೇಡ, ಬದನೆಕಾಯಿ ನಂಜು, ಬೇಳೆ ನಂಜು ಅಂತ ಮನೇಲಿ ಹಿರಿಯರು ಹೇಳೇ ಹೇಳ್ತಾರೆ, ಎದುರು ವಾದ ಮಾಡ್ಬೇಡ, ಆದ್ರೆ ನೀರು ಕುಡಿ. ನೀರು, ಸೊಪ್ಪು, ಹಣ್ಣು ಬಿಟ್ರೆ ಮಲಬದ್ಧತೆ ಆಗಿ ಮುಕ್ಕಿ ಮುಕ್ಕಿ ಒಳಗಿನ ಹೊಲಿಗೆಗೇ ಕಷ್ಟ. ಗಾಯ ಮಾಯೋಕೆ ಬೇಳೆ, ಮೊಸರು, ಮೊಟ್ಟೆ ಬೇಕು.

ಆರು ವಾರ. ಇದ್ರಲ್ಲಿ ರಾಜಿ ಇಲ್ಲ. ಹೊರಗೆ ಮೂರು ಸಣ್ಣ ತೂತು ಕಂಡ್ರೂ ಒಳಗೆ ದೊಡ್ಡ ಹೊಲಿಗೆ ಇರುತ್ತೆ, ಹದಿನೈದು ದಿನಕ್ಕೆ ಚೆನ್ನಾಗಿದೀನಿ ಅನ್ಸುತ್ತೆ, ಆಗಲೇ ಹೆಂಗಸರು ಕೆಡಿಸ್ಕೊಳೋದು, ದೋಸೆಹಿಟ್ಟಿನ ಗ್ರೈಂಡರ್ ಕಲ್ಲು ಎತ್ತೋದು, ಒದ್ದೆ ಬೆಡ್‌ಶೀಟ್ ಹಿಂಡಿ ಒಣಗಾಕೋದು, ಬಕೆಟ್ ಎತ್ತೋದು. ಯಾವ್ದೂ ಬೇಡ. ಸ್ಕೂಟಿ ಬೇಡ. ಗಂಡನ ಜೊತೆ ಸೇರೋದೂ ಡಾಕ್ಟ್ರು ನೋಡಿ ಸರಿ ಅನ್ನೋವರ್ಗೂ ಬೇಡ, ಇದನ್ನ ಅಳಿಯಂದ್ರಿಗೂ ಡಾಕ್ಟ್ರ ಬಾಯಲ್ಲೇ ಹೇಳ್ಸು, ನಾಚ್ಕೆ ಬೇಡ. ಆಮೇಲೆ ಆ ಸುಖ ಹೋಗ್ಬಿಡುತ್ತೆ ಅನ್ನೋದೆಲ್ಲ ಸುಳ್ಳು, ನೋವು ರಕ್ತ ಇಲ್ದೇ ಇರೋದ್ರಿಂದ ಬಹಳ ಜನಕ್ಕೆ ಮೊದಲಿಗಿಂತ ನೆಮ್ಮದಿನೇ. ಸ್ವಲ್ಪ ಕಂದು ಬಣ್ಣದ್ದು ಕೆಲವು ವಾರ ಹೋಗ್ತಿರುತ್ತೆ, ಪರ್ವಾಗಿಲ್ಲ. ಕೆಂಪಗೆ ಜಾಸ್ತಿ ಹೋದ್ರೆ, ವಾಸನೆ ಬಂದ್ರೆ, ಜ್ವರ 100.4 ದಾಟಿದ್ರೆ, ಮೂತ್ರ ಕಟ್ಟಿದ್ರೆ, ಒಂದೇ ಕಾಲಿನ ಮೀನಖಂಡ ಊದಿ ನೋವಾದ್ರೆ, ಉಸಿರು ಕಟ್ಟಿದ್ರೆ ತಕ್ಷಣ ಹೋಗ್ಬೇಕು.

ತೆಗೆದ ಗರ್ಭಕೋಶನ ಲ್ಯಾಬಿಗೆ ಕಳಿಸ್ತಾರೆ, ಆ ಬಯಾಪ್ಸಿ ರಿಪೋರ್ಟು ಬರೋಕೆ ಕೆಲವು ದಿನ ಆಗುತ್ತೆ, ಡಿಸ್ಚಾರ್ಜ್ ಆದ ಖುಷೀಲಿ ಎಷ್ಟೋ ಜನ ಅದನ್ನ ತರೋದೇ ಇಲ್ಲ. ತಂದು ಫೈಲಲ್ಲಿ ಇಡು. ಐರನ್ ಮಾತ್ರೇನೂ ಡಾಕ್ಟ್ರು ನಿಲ್ಸು ಅನ್ನೋವರ್ಗೂ ನಿಲ್ಸ್ಬೇಡ.

ಕಾರಣ ಇಲ್ದೇ ಅಳು ಬರ್ಬಹುದು. ಬಂದ್ರೆ ಅಳು. ಹೆಣ್ತನ ಹೋಯ್ತು ಅಂತ ಯಾರಾದ್ರೂ ಅಂದ್ರೆ ನಂಗೆ ಫೋನ್ ಕೊಡು, ನಾನು ಮಾತಾಡ್ತೀನಿ. ತಿಂಗಳಾದ್ರೂ ಮನಸ್ಸು ಏಳ್ತಿಲ್ಲ, ನಿದ್ದೆ ಇಲ್ಲ ಅಂದ್ರೆ ಅದನ್ನೂ ಡಾಕ್ಟ್ರಿಗೆ ಹೇಳ್ಬೇಕು.

ಆಪರೇಷನ್ನೇ ಸರಿ ಅಂತಾದ್ರೆ ಬೇಸಿಗೆ ರಜೆಗೆ ಇಟ್ಕೋ, ಏಪ್ರಿಲ್ ಮಧ್ಯದಲ್ಲಿ ಮಾಡ್ಸಿದ್ರೆ ಸ್ಕೂಲ್ ಶುರುವಾಗೋಷ್ಟೊತ್ತಿಗೆ ಆರು ವಾರ ಆಗುತ್ತೆ, ಅಲ್ಲೀವರೆಗೂ ರಕ್ತ ಏರ್ಸ್ಕೊಳೋಕೂ ಟೈಮ್ ಸಿಗುತ್ತೆ. ನಿಮ್ಮಮ್ಮಂಗೆ ಮಂಡಿನೋವು, ಅವಳ್ನ ಕರಿಸ್ಬೇಡ, ನಾನೇ ಬಂದು ಇರ್ತೀನಿ, ಅಡುಗೆ ನಂದು, ಮಕ್ಕಳ ಡಬ್ಬಿ ನಂದು, ನಿಮ್ಮತ್ತೆಯವ್ರ ಜೊತೆ ನಾನು ಮೊದ್ಲೇ ಮಾತಾಡ್ತೀನಿ. ಶನಿವಾರ ಡಾಕ್ಟ್ರ ಹತ್ರ ಹೋಗೋವಾಗ ಇದ್ರಲ್ಲಿ ಕೇಳು ಅಂದಿರೋದೆಲ್ಲ ಒಂದು ಚೀಟೀಲಿ ಬರ್ಕೊಂಡು ಹೋಗು, ಎದುರು ಕೂತಾಗ ಮರ್ತೋಗುತ್ತೆ. ಅವ್ರು ಏನಂದ್ರು ಅಂತ ಅವತ್ತು ಸಂಜೇನೇ ನಂಗೆ ಫೋನ್ ಮಾಡು.

ನಿನ್ನ ದೊಡ್ಡಮ್ಮ